ಮೇಲುಕೋಟೆಯ ತೋಳ ಮತ್ತು ನನ್ನ ಬುತ್ತಿ

ಮೇಲುಕೋಟೆಗೆ ಹೊರಟೆ ಎಂದರೆ ಮೈಸೂರಿನಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ದೇವರ ದರ್ಶನಕ್ಕೋ, ಪುಳಿಯೋಗರೆಗೋ? ಅಲ್ಲಿನ ಗುಡ್ಡಗಳಲ್ಲಿ ತೋಳನಿಗಾಗಿ ಮೀಸಲಿಟ್ಟ ವನ್ಯಜೀವಿಧಾಮ ಇದೆ ಎಂದರೆ ಹಲವರು ನಂಬುವುದಿಲ್ಲ. 1974ರಲ್ಲಿ ಘೋಷಣೆಯಾದ ಧಾಮವಿದು. ವಿಸ್ತೀರ್ಣ 50 ಚದರ ಕಿಲೋಮೀಟರ್‌ಗೆ ಹತ್ತಿರ. ಎತ್ತರ ಸುಮಾರು 3,000 ಅಡಿ. ಬಂಡೆ, ಕುರುಚಲು, ಕಗ್ಗಲಿ, ಕಾರೆ, ಬಂದರೆ ಗಿಡಗಳ ಒಣಕಾಡು. ದಟ್ಟಡವಿಯನ್ನು ನಿರೀಕ್ಷಿಸಿ ಬಂದವರಿಗೆ ಬೋಳುಗುಡ್ಡದಂತೆ ಕಾಣುತ್ತದೆ. ಆದರೆ ತೋಳನಿಗೆ ಬೇಕಾದದ್ದು ಇಂಥ ಬಯಲೇ.

ಹನ್ನೊಂದು ವರ್ಷಗಳಿಂದ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದೇನೆ. ಬೆಳಗಿನ ನಾಲ್ಕೂವರೆಗೆ ಮೈಸೂರು ಬಿಟ್ಟರೆ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಮೂಡಣ ಕೆಂಪಾಗುವ ಹೊತ್ತಿಗೆ ಬೆಟ್ಟದ ತಿರುವಿನಲ್ಲಿರುತ್ತೇನೆ. ಧಾಮದೊಳಗೆ ಕಾಲಿಡಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಲು ಬೇಡ. ಅನುಮತಿ ಸಿಕ್ಕ ದಿನ ಅರಣ್ಯ ವೀಕ್ಷಕರೊಬ್ಬರ ಜೊತೆ ಒಳಗೆ ಹೋಗುತ್ತೇನೆ. ಉಳಿದ ದಿನಗಳಲ್ಲಿ ರಸ್ತೆ, ಊರಂಚಿನ ಹೊಲದ ಬದು, ಜನ ಓಡಾಡುವ ಬಂಡೆಗಳು, ಇಷ್ಟೇ ನನ್ನ ಸರಹದ್ದು. ಅದು ಕಡಿಮೆಯಾಯಿತು ಎಂದು ಒಂದು ದಿನವೂ ಅನ್ನಿಸಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ್ದು ತಪ್ಪು. ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿ ಇಲ್ಲಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಾಲ್ಕು ಸಲ ಬಂದರೂ ಕಾಣದಿದ್ದಾಗ, ಒಂದು ಜುಲೈ ಬೆಳಗ್ಗೆ ಮೊಬೈಲಿನಲ್ಲಿ ಅದರ ಕೂಗನ್ನು ಹಾಕಿದೆ. ಅರ್ಧ ನಿಮಿಷದಲ್ಲಿ ಹಕ್ಕಿ ಬಂತು. ತಲೆ, ಕೊರಳು ಅರಿಸಿನ ಬಳಿದಂತೆ ಹಳದಿ, ಎದೆ ಬೂದು. ನನ್ನಿಂದ ಹತ್ತು ಅಡಿ ದೂರದ ಕೊಂಬೆಗೆ ಕೂತು, ಅಲ್ಲಿಂದ ಬಂಡೆಗೆ ಹಾರಿ, ಮತ್ತೆ ಕೊಂಬೆಗೆ ಬಂದು, ಇಲ್ಲದ ಎದುರಾಳಿಯನ್ನು ಹುಡುಕತೊಡಗಿತು. ಆಮೇಲೆ ನೋಡಿದೆ, ಅದರ ಕೊಕ್ಕಿನಲ್ಲಿ ಒಂದು ಹಸಿರು ಹುಳು ಒದ್ದಾಡುತ್ತಿತ್ತು. ಮರಿಗೆ ಒಯ್ಯುತ್ತಿದ್ದ ತುತ್ತು ಅದು. ನಾನು ಮೊಬೈಲ್ ಆರಿಸಿದ ಮೇಲೂ ಬಹಳ ಹೊತ್ತು ಹಕ್ಕಿ ಹುಳುವನ್ನು ಕಚ್ಚಿಕೊಂಡೇ ಅಲ್ಲಲ್ಲೇ ಸುತ್ತಿತು. ಎಲ್ಲೋ ಬಂಡೆಯ ಸಂದಿನಲ್ಲಿ ಬಾಯ್ದೆರೆದು ಕಾಯುತ್ತಿದ್ದ ಮರಿಗಳ ಪಾಲಿನ ಹೊತ್ತನ್ನು ನಾನು ಕಸಿದುಕೊಂಡಿದ್ದೆ. ಅಂದಿನಿಂದ ಯಾವ ಹಕ್ಕಿಯ ಕೂಗನ್ನೂ ಹಾಕಿಲ್ಲ, ಜೊತೆಗೆ ಬರುವವರಿಗೂ ಹಾಕಗೊಡುವುದಿಲ್ಲ.

ಈಗ ಮಾಡುವುದು ಕೂರುವ ಕೆಲಸ. ಒಂದು ಬಂಡೆ ಆರಿಸಿಕೊಂಡು ಎರಡು ಗಂಟೆ ಕದಲದೆ ಕೂರುತ್ತೇನೆ. ಮಣ್ಣಿನ ಬಣ್ಣದ ಅಂಗಿ, ಕೊರಳಿಗೆ ದುರ್ಬೀನು, ಮಾತಿಲ್ಲ. ಮೊದಲ ಇಪ್ಪತ್ತು ನಿಮಿಷ ಏನೂ ನಡೆಯುವುದಿಲ್ಲ. ನಾವು ಬಂದ ಸದ್ದನ್ನು ಗುಡ್ಡ ಮರೆಯಲು ಅಷ್ಟು ಹೊತ್ತು ಬೇಕು. ಆಮೇಲೆ ಕೌಜುಗ ಕೂಗುತ್ತದೆ, ನವಿಲು ಹೊಲದಿಂದ ಹತ್ತಿ ಬರುತ್ತದೆ. ಬಿಸಿಲು ತಾಗಿದ ಮೇಲೆ ಬಂಡೆಯ ಓತಿಗಳು ಹೊರಬರುತ್ತವೆ. ಬೆದೆಯ ಕಾಲದಲ್ಲಿ ಗಂಡು ಓತಿಯ ಬೆನ್ನು ಕೆಂಪಾಗಿ, ಪಕ್ಕೆ ಕಡುಗಪ್ಪಾಗುತ್ತದೆ. ಒಮ್ಮೆ ಅಂಥ ಒಂದು ನನ್ನ ಚಪ್ಪಲಿಯಿಂದ ಗೇಣುದ್ದ ದೂರದಲ್ಲಿ ನಿಂತು ತಲೆ ಮೇಲೆ ಕೆಳಗೆ ಆಡಿಸುತ್ತಿತ್ತು. ಪಕ್ಕದ ಬಂಡೆಯ ಇನ್ನೊಂದು ಗಂಡು ಉತ್ತರವಾಗಿ ತಲೆ ಆಡಿಸಿತು. ನೋಡನೋಡುತ್ತ ಎರಡಕ್ಕೂ ಕಾದಾಟವಾಯಿತು. ಕಾಡು ನೋಡಲು ದೂರದ ರಾಜ್ಯಗಳಿಗೆ ಹೋಗಿಬಂದಿದ್ದೇನೆ. ಆ ಅರ್ಧ ಗಂಟೆಯಷ್ಟು ಮೈಮರೆತದ್ದು ನೆನಪಿಲ್ಲ.

ಒಳಗೆ ಹೋದ ದಿನ ಸೈಕಸ್ ಗಿಡಗಳ ಬಳಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಈಚಲಿನಂತೆ ಕಂಡರೂ ಈಚಲಲ್ಲ. ಹೂ ಬಿಡುವ ಗಿಡಗಳು ಭೂಮಿಗೆ ಬರುವುದಕ್ಕಿಂತ ಮೊದಲಿನ ಕುಲ. ಎಳೆಯ ಗರಿಗಳನ್ನು ಅಲಂಕಾರಕ್ಕೆಂದು ಕೀಳುವವರನ್ನು ಕಂಡಿದ್ದೇನೆ, ಕೈ ಹಿಡಿದು ತಡೆದೂ ಇದ್ದೇನೆ.

ನಾನು ಅತ್ಯಂತ ಗಟ್ಟಿಯಾಗಿ ಪಾಲಿಸುವುದು ಊಟದ ವಿಷಯವನ್ನು. ಕಲಿಸಿದವರು ಅದೇ ವೀಕ್ಷಕರು. ಒಂದು ದಿನ ಬಂಡೆಯ ಮೇಲೆ ಬುತ್ತಿ ಬಿಚ್ಚಿ ತಿಂದು, ಉಳಿದ ಚಿತ್ರಾನ್ನವನ್ನು ಗಿಡದ ಬುಡಕ್ಕೆ ಸುರಿದೆ. ಹಕ್ಕಿಯೋ ಇರುವೆಯೋ ತಿನ್ನಲಿ ಎಂಬ ಭಾವನೆ. ಅವರು ಹೇಳಿದರು: "ಸಾರ್, ಇದನ್ನು ತಿನ್ನಲು ಸಂಜೆಗೆ ಊರನಾಯಿ ಬರುತ್ತದೆ. ಬಂದ ನಾಯಿ ಇಲ್ಲೇ ನಿಲ್ಲುತ್ತದೆ." ಗುಡ್ಡಕ್ಕೆ ನೆಲೆಯಾದ ನಾಯಿ ಮೊಲ ಹಿಡಿಯುತ್ತದೆ, ನೆಲದಲ್ಲಿ ಗೂಡು ಕಟ್ಟುವ ಕೌಜುಗದ ಮೊಟ್ಟೆ ತಿನ್ನುತ್ತದೆ. ಹುಚ್ಚು, ಡಿಸ್ಟೆಂಪರ್‌ನಂಥ ರೋಗಗಳನ್ನು ತೋಳನಿಗೆ ದಾಟಿಸುತ್ತದೆ. ನಾಯಿಯೂ ತೋಳವೂ ಒಂದೇ ಕುಲದವಾದ್ದರಿಂದ ಕೂಡಿ ಮರಿಯನ್ನೂ ಹಾಕುತ್ತವೆ, ತೋಳನ ತಳಿಯೇ ಬೆರಕೆಯಾಗುತ್ತದೆ. ನನ್ನ ಡಬ್ಬಿಯಿಂದ ಬಿದ್ದ ಒಂದು ಹಿಡಿ ಅನ್ನ ಅಲ್ಲಿಯವರೆಗೂ ಹೋಗುತ್ತದೆಂದು ಎಣಿಸಿರಲಿಲ್ಲ. ಅಂದೇ ಆ ಅನ್ನವನ್ನು ಬಾಚಿ ಡಬ್ಬಿಗೆ ತುಂಬಿಕೊಂಡೆ. ಈಗ ಊರಿಗೆ ಇಳಿದ ಮೇಲೆಯೇ ಊಟ. ಬಾಳೆಹಣ್ಣಿನ ಸಿಪ್ಪೆಯೂ ಚೀಲದಲ್ಲಿ ವಾಪಸು. ಕೋತಿಗಳಿಗೆ ಪ್ರಸಾದ ಎಸೆಯುವವರನ್ನು ಕಂಡರೆ ಕೈಮುಗಿದು ಬೇಡ ಎನ್ನುತ್ತೇನೆ. ತಿರುವಿನಲ್ಲಿ ತುತ್ತಿಗಾಗಿ ಕಾದು ಕೂತ ಕೋತಿಯ ಮೇಲೆ ವಾಹನ ಹರಿದದ್ದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಹುಲ್ಲು ಗರಿಗರಿಯಾಗಿರುತ್ತದೆ. ಆಗ ಬೆಂಕಿಪೊಟ್ಟಣ ಜೇಬಿನಲ್ಲಿರುವವರನ್ನು ಜೊತೆಗೆ ಕರೆದೊಯ್ಯುವುದಿಲ್ಲ.

ತೋಳ ಕಂಡಿತೇ ಎಂದು ಕೇಳುತ್ತಾರೆ. ಹಿಕ್ಕೆ ಹಲವು ಸಲ ಕಂಡಿದೆ. ದಾರಿ ಕೂಡುವಲ್ಲಿ ಕಲ್ಲಿನ ಮೇಲೆ, ತುಂಬ ಕೂದಲು ಸೇರಿರುವ ಹಿಕ್ಕೆ. ಹೆಜ್ಜೆಯೂ ಕಂಡಿದೆ. ಉಗುರಿನ ಗುರುತು ಇದ್ದರೆ ಚಿರತೆಯಲ್ಲ ಎಂದು ತಿಳಿಯಬಹುದು. ನಾಯಿಯದೋ ತೋಳನದೋ ಹೇಳುವುದು ಕಷ್ಟ. ಚಳಿಗಾಲದಲ್ಲಿ ತೋಳ ಮರಿ ಹಾಕುವುದರಿಂದ, ಅನುಮತಿ ಸಿಕ್ಕರೂ ಆ ತಿಂಗಳುಗಳಲ್ಲಿ ಬಿಲಗಳಿರುವ ಕಡೆಗೆ ಹೋಗುವುದಿಲ್ಲ.

ಕಣ್ಣಾರೆ ಕಂಡದ್ದು ಎರಡು ಸಲ. ಎರಡನೆಯದು ಕಳೆದ ಜನವರಿ, ಅದೂ ಧಾಮದ ಹೊರಗೆ. ರಾಗಿ ಕೊಯ್ದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ಬಿಟ್ಟಿದ್ದರು. ಕುರಿ ಕಾಯುವ ಅಜ್ಜನ ಪಕ್ಕ ಬದುವಿನ ಮೇಲೆ ಕೂತಿದ್ದೆ. ಮಂಜು ಇನ್ನೂ ಕರಗಿರಲಿಲ್ಲ. ಅಜ್ಜ ನನ್ನ ಮೊಣಕೈ ಒತ್ತಿ, "ಅಲ್ಲಿ ನೋಡಿ ಸ್ವಾಮಿ, ಬದುವಿನ ಆಚೆ" ಎಂದರು. ಕೂಳೆಯ ಬಣ್ಣದ್ದೇ ಮೈ, ಉದ್ದನೆಯ ಕಾಲು, ತಗ್ಗಿಸಿದ ತಲೆ. ಓಡಲಿಲ್ಲ, ನಿಲ್ಲಲೂ ಇಲ್ಲ. ಒಂದೇ ಗತಿಯಲ್ಲಿ ಹೊಲ ದಾಟಿ, ಒಮ್ಮೆ ಮಾತ್ರ ನಮ್ಮ ಕಡೆ ಮುಖ ತಿರುಗಿಸಿ, ಗುಡ್ಡದ ಕುರುಚಲಿನಲ್ಲಿ ಸೇರಿಹೋಯಿತು. ಕ್ಯಾಮೆರಾ ಚೀಲದಲ್ಲೇ ಉಳಿಯಿತು.

"ಹೋದ ವರ್ಷ ಎರಡು ಮರಿ ಒಯ್ದಿತ್ತು" ಎಂದರು ಅಜ್ಜ. ಸಿಟ್ಟಿಲ್ಲವೇ ಎಂದು ಕೇಳಿದೆ.

"ಇರುತ್ತದೆ ಸ್ವಾಮಿ. ಅದಕ್ಕೂ ಹೊಟ್ಟೆ ಇದೆಯಲ್ಲ."

ಹೀಗೆಂದು ಎದ್ದು, ಕೋಲೂರಿಕೊಂಡು ಮಂದೆಯ ಕಡೆಗೆ ನಡೆದರು. ಒಂದೊಂದೇ ಕುರಿಯ ಬೆನ್ನು ಮುಟ್ಟುತ್ತ ಎಣಿಸತೊಡಗಿದರು.