ಆರ್‌ವಿ ಪ್ರವಾಸವೇ? ಕ್ಯಾಂಪ್‌ಗ್ರೌಂಡ್ ನೋಡಿದರೆ ಸಾಲದು, ಸೈಟ್ ನೋಡಿ

ಅಮೆರಿಕದಲ್ಲಿ ಬೇಸಿಗೆ ರಜೆಗೆ ಆರ್‌ವಿ (ಹಾಸಿಗೆ, ಅಡುಗೆ ಜಾಗ, ಟಾಯ್ಲೆಟ್ ಎಲ್ಲ ಇರುವ ಮನೆಯಂಥ ಗಾಡಿ) ಬಾಡಿಗೆ ಹಿಡಿದು ಹೊರಡುವವರು ಸಾಮಾನ್ಯವಾಗಿ ಮೊದಲು ಗಾಡಿ ಬುಕ್ ಮಾಡುತ್ತಾರೆ. ರಾತ್ರಿ ಅದನ್ನು ಎಲ್ಲಿ ನಿಲ್ಲಿಸುವುದು ಎಂಬ ಯೋಚನೆ ಆಮೇಲೆ. ಅಷ್ಟು ಹೊತ್ತಿಗೆ ಒಳ್ಳೆಯ ಜಾಗಗಳು ಬೇರೆಯವರ ಪಾಲಾಗಿರುತ್ತವೆ. ಈ ಕ್ರಮವನ್ನೇ ತಿರುಗಿಸಿ. ಎಷ್ಟು ಉದ್ದದ ಗಾಡಿ ಬೇಕು ಅಂತ ತೀರ್ಮಾನಿಸಿ, ಜಾಗ ಹಿಡಿಯಿರಿ, ಗಾಡಿಗೆ ದುಡ್ಡು ಕಟ್ಟುವುದು ಕೊನೆಗೆ.

ಇನ್ನೊಂದು ಮಾತು. ಹೀಗೆ ಗಾಡಿ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡ್ ಹೆಸರುವಾಸಿ ಆಗಿದ್ದರೆ ಸಾಲದು. ನೀವು ಮಲಗುವುದು ಅದರೊಳಗಿನ ಒಂದು ನಂಬರಿನ ಸೈಟಿನಲ್ಲಿ. ಒಂದು ಸೈಟ್ ಹೊಳೆ ದಂಡೆಯಲ್ಲಿದ್ದರೆ ಇನ್ನೊಂದು ಕಸದ ಡಬ್ಬಿಗಳ ಪಕ್ಕ ಇರುತ್ತದೆ. ಬಾಡಿಗೆ ಮಾತ್ರ ಎಷ್ಟೋ ಸಲ ಎರಡಕ್ಕೂ ಒಂದೇ!

ಹಂತ 1: ಗಾಡಿಯ ಉದ್ದ

ಬಾಡಿಗೆಗೆ ಸಿಗುವ, ಚಾಲಕನ ಸೀಟಿನ ಮೇಲೆ ಹಾಸಿಗೆ ಇರುವ ಕ್ಲಾಸ್ ಸಿ ಗಾಡಿಗಳು ಹೆಚ್ಚಾಗಿ 25ರಿಂದ 30 ಅಡಿ ಇರುತ್ತವೆ. ಹಿಂದೆ ಸೈಕಲ್ ರ‍್ಯಾಕ್ ಹಾಕಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾಷ್ಟ್ರೀಯ ಉದ್ಯಾನಗಳ ಹಳೆಯ ಕ್ಯಾಂಪ್‌ಗ್ರೌಂಡುಗಳು ಇಷ್ಟು ದೊಡ್ಡ ಗಾಡಿಗಳು ಬರುವ ಮೊದಲೇ ಆದಂಥವು. ಗ್ರ್ಯಾಂಡ್ ಕ್ಯಾನ್ಯನ್‌ನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ 30 ಅಡಿಯೇ ಮಿತಿ. ಅಲ್ಲೇ ಹತ್ತಿರದ ಟ್ರೇಲರ್ ವಿಲೇಜ್‌ನಲ್ಲಿ ದೊಡ್ಡ ಗಾಡಿಗಳಿಗೆ ಜಾಗ ಇದೆ.

ಸೈಟಿನ ಜೊತೆ ದಾರಿಯನ್ನೂ ನೋಡಿ. ಗ್ಲೇಸಿಯರ್ ಉದ್ಯಾನದ ಪ್ರಸಿದ್ಧ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ಅವಲಾಂಚ್ ಕ್ರೀಕ್‌ನಿಂದ ರೈಸಿಂಗ್ ಸನ್‌ವರೆಗೆ 21 ಅಡಿಗಿಂತ ಉದ್ದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿಗಳನ್ನು ಬಿಡುವುದಿಲ್ಲ. ಅಂದರೆ ಮಾಮೂಲಿ ಆರ್‌ವಿಗೆ ಆ ದಾರಿ ಇಲ್ಲ. ಬೆಟ್ಟದ ಈಚೆಗೆ ಸೈಟ್ ಹಿಡಿದು ಆಚೆಗಿನ ಜಾಗಗಳ ಪಟ್ಟಿ ಮಾಡಿಕೊಂಡವರು ಸುತ್ತು ಹಾಕಬೇಕಾಗುತ್ತದೆ.

ಹಂತ 2: ಹುಕ್‌ಅಪ್ ಎಷ್ಟು ಬೇಕು?

ಹುಕ್‌ಅಪ್ ಅಂದರೆ ಸೈಟಿನಲ್ಲೇ ಸಿಗುವ ಸಂಪರ್ಕ. ಕರೆಂಟು, ನೀರು, ಕೊಳೆನೀರು ಹೋಗುವ ಪೈಪು. ಮೂರೂ ಇದ್ದರೆ ಫುಲ್ ಹುಕ್‌ಅಪ್. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕರೆಂಟಿನಲ್ಲಿ ಎರಡು ಬಗೆ, 30 ಆಂಪ್ ಮತ್ತು 50 ಆಂಪ್. ಕೇಳಲು ವ್ಯತ್ಯಾಸ ಚಿಕ್ಕದು, ನಿಜಕ್ಕೂ ದೊಡ್ಡದು. 30 ಆಂಪ್‌ನಲ್ಲಿ 120 ವೋಲ್ಟಿನ ಒಂದೇ ಲೈನು, ಒಟ್ಟು 3,600 ವಾಟ್. 50 ಆಂಪ್‌ನಲ್ಲಿ ಅಂಥ ಎರಡು ಲೈನು, ಒಟ್ಟು 12,000 ವಾಟ್. ಮೂರು ಪಟ್ಟಿಗಿಂತ ಜಾಸ್ತಿ ಆಯಿತಲ್ವಾ? ಒಂದು ಎಸಿ ಇರುವ ಗಾಡಿಗೆ 30 ಸಾಕು. ಆದರೆ ಎಸಿ ಓಡುತ್ತಿರುವಾಗ ಮೈಕ್ರೋವೇವ್ ಹಾಕಿ, ಇನ್ನೊಬ್ಬರು ಹೇರ್ ಡ್ರೈಯರ್ ಹಚ್ಚಿದರೆ ಬ್ರೇಕರ್ ಬೀಳುತ್ತದೆ. ಎರಡು ಎಸಿ ಇದ್ದರೆ 50 ಆಂಪ್ ಸೈಟನ್ನೇ ಹುಡುಕಿ.

ಕೊಳೆನೀರಿಗೆ ಗಾಡಿಯೊಳಗೆ ಎರಡು ಟ್ಯಾಂಕ್ ಇರುತ್ತವೆ. ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕ್. ಸಿಂಕ್ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕಿಗೆ. ಮಕ್ಕಳಿರುವ ಮನೆಯಲ್ಲಿ ಬೇಗ ತುಂಬುವುದು ಗ್ರೇ ಟ್ಯಾಂಕೇ, ಏಕೆಂದರೆ ನಲ್ಲಿ ತಿರುಗಿಸಿ ಬಿಟ್ಟು ಹಲ್ಲುಜ್ಜುವವರು ಅವರೇ. ಸೈಟಿನಲ್ಲಿ ಪೈಪು ಇಲ್ಲದಿದ್ದರೆ ಹೊರಡುವ ದಿನ ಡಂಪ್ ಸ್ಟೇಷನ್ನಿಗೆ ಹೋಗಿ ಖಾಲಿ ಮಾಡಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಆಗ ಸೋಪಿನ ನೀರೇ ಪೈಪನ್ನು ತೊಳೆದುಬಿಡುತ್ತದೆ. ಭಾನುವಾರ ಎಲ್ಲರೂ ಒಟ್ಟಿಗೆ ಹೊರಡುವಾಗ ಅಲ್ಲಿ ಸಾಲು ಇರುತ್ತದೆ, ಗೊತ್ತಿರಲಿ.

ನನ್ನನ್ನು ಕೇಳಿದರೆ, ಎರಡು ರಾತ್ರಿಗೆ ಕರೆಂಟು ಮತ್ತು ನೀರು ಸಾಕು. ನಾಲ್ಕು ದಿನ ಒಂದೇ ಕಡೆ ಇರುವುದಾದರೆ, ಜೊತೆಗೆ ಚಿಕ್ಕ ಮಕ್ಕಳಿದ್ದರೆ, ಫುಲ್ ಹುಕ್‌ಅಪ್‌ಗೆ ಜಾಸ್ತಿ ದುಡ್ಡು ಕೊಡಿ.

ಹುಕ್‌ಅಪ್ ಎಲ್ಲ ಕಡೆ ಇರುತ್ತದೆ ಅಂದುಕೊಳ್ಳಬೇಡಿ. ಯೊಸೆಮಿಟಿ ಉದ್ಯಾನದ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಇಲ್ಲ. ಇಡೀ ಯೆಲ್ಲೋಸ್ಟೋನ್‌ನಲ್ಲಿ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲೇ ಮೂರೂ ಸಂಪರ್ಕ ಸಿಗುವುದು. ಅಲ್ಲಿ ಕರಡಿಗಳ ಓಡಾಟ ಜಾಸ್ತಿ. ಹಾಗಾಗಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಟೆಂಟಿಗೂ ಇಲ್ಲ, ಬಟ್ಟೆಯ ಗೋಡೆಯ ಪಾಪ್‌-ಅಪ್ ಟ್ರೇಲರಿಗೂ ಇಲ್ಲ.

ಹಂತ 3: ನಡೆಸುವವರು ಯಾರು?

ರಾಷ್ಟ್ರೀಯ ಉದ್ಯಾನಗಳಲ್ಲಿ ನೋಟ ಚೆನ್ನ, ಸೌಕರ್ಯ ಕಡಿಮೆ. ಹಲವು ಕಡೆ ಆರು ತಿಂಗಳ ಮೊದಲೇ ಕೇಂದ್ರ ಸರ್ಕಾರದ ಬುಕಿಂಗ್ ಜಾಲತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕಿಂಗ್ ತೆರೆಯುತ್ತದೆ, ಜನಪ್ರಿಯ ಜಾಗಗಳು ನಿಮಿಷಗಳಲ್ಲಿ ಮುಗಿಯುತ್ತವೆ. ಒಂದೊಂದು ಉದ್ಯಾನದ ದಿನಾಂಕ ಒಂದೊಂದು ಥರ ಇರುವುದರಿಂದ ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಸ್ಟೇಟ್ ಪಾರ್ಕುಗಳು ನಡುದಾರಿ. ಕರೆಂಟು ಇರುವ ಸೈಟು, ಡಂಪ್ ಸ್ಟೇಷನ್ ಅಲ್ಲಿ ಸಾಕಷ್ಟು ಕಡೆ ಸಿಗುತ್ತವೆ.

ಜನ ಮರೆಯುವುದು ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ನಡೆಸುವ ಕ್ಯಾಂಪ್‌ಗ್ರೌಂಡುಗಳನ್ನು. ಅಣೆಕಟ್ಟು ಕಟ್ಟಿದ ಕಡೆ ಕೆರೆದಂಡೆಯಲ್ಲಿರುವ ಇವು ಸಾಮಾನ್ಯವಾಗಿ ವಿಶಾಲ, ಬಾಡಿಗೆಯೂ ಹದ. ಉದ್ಯಾನದಲ್ಲಿ ಜಾಗ ಸಿಗದಿದ್ದರೆ ಸುಮ್ನೆ ಬೇಜಾರಾಗುವ ಬದಲು ಇಲ್ಲಿ ಹುಡುಕಿ. ಇವನ್ನೂ ರಿಕ್ರಿಯೇಷನ್ ಡಾಟ್ ಗವ್‌ನಲ್ಲೇ ಬುಕ್ ಮಾಡಬಹುದು.

ಖಾಸಗಿಯವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕೆಒಎ (ಕ್ಯಾಂಪ್‌ಗ್ರೌಂಡ್ಸ್ ಆಫ್ ಅಮೆರಿಕ). 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದದ್ದು. ಇವರು ತಮ್ಮ ಜಾಗಗಳನ್ನು ಜರ್ನಿ, ಹಾಲಿಡೇ, ರೆಸಾರ್ಟ್ ಎಂದು ಮೂರು ಬಗೆ ಮಾಡಿದ್ದಾರೆ. ಜರ್ನಿ ಅಂದರೆ ಹೆದ್ದಾರಿ ಹತ್ತಿರ, ಒಂದು ರಾತ್ರಿ ತಂಗಿ ಹೋಗಲು. ಮಕ್ಕಳ ಜೊತೆ ನಾಲ್ಕು ದಿನ ಅಲ್ಲಿ ಕೂರುವುದು ಬೇಡ. ಖಾಸಗಿ ಪಾರ್ಕುಗಳಲ್ಲಿ ಇನ್ನೆರಡು ಷರತ್ತು ಕೆಲವೊಮ್ಮೆ ಇರುತ್ತವೆ. 55 ವರ್ಷ ದಾಟಿದವರಿಗೆ ಮಾತ್ರ, ಅಥವಾ ಹತ್ತು ವರ್ಷಕ್ಕಿಂತ ಹಳೆಯ ಗಾಡಿ ಬೇಡ.

ಹಂತ 4: ನಕ್ಷೆ ತೆರೆದು ಸೈಟ್ ಆರಿಸಿ

ಜಾಲತಾಣದಲ್ಲಿರುವ ಫೋಟೋ ಬಿಡಿ. ಅವರು ತೋರಿಸುವುದು ತಮ್ಮ ಅತ್ಯುತ್ತಮ ಸೈಟನ್ನು. ಕ್ಯಾಂಪ್‌ಗ್ರೌಂಡಿನ ನಕ್ಷೆ ಮತ್ತು ಉಪಗ್ರಹ ಚಿತ್ರ ಎರಡನ್ನೂ ಪಕ್ಕಪಕ್ಕ ತೆರೆಯಿರಿ. ಹತ್ತಿರ ರೈಲು ಹಳಿ ಇದೆಯೇ? ರಸ್ತೆ ಹಳಿಯನ್ನು ದಾಟುವ ಕಡೆ ರೈಲು 15ರಿಂದ 20 ಸೆಕೆಂಡ್ ಮೊದಲೇ ಹಾರ್ನ್ ಹಾಕಬೇಕು ಎಂಬುದು ಅಲ್ಲಿನ ನಿಯಮ. ಕೆಲವು ಊರುಗಳಿಗೆ ವಿನಾಯಿತಿ ಉಂಟು, ಉಳಿದ ಕಡೆ ನಡುರಾತ್ರಿಯಲ್ಲೂ ಕೂಗುತ್ತದೆ.

ಬಾತ್‌ರೂಮಿಗೆ ತೀರ ಹತ್ತಿರದ ಸೈಟ್ ಬೇಡ. ರಾತ್ರಿಯಿಡೀ ಬಾಗಿಲ ಸದ್ದು, ದೀಪದ ಬೆಳಕು. ಮೂರ್ನಾಲ್ಕು ಸೈಟ್ ಆಚೆಗಿದ್ದರೆ ಸರಿ. ಆಟದ ಜಾಗ ಕಣ್ಣಿಗೆ ಕಾಣಬೇಕು, ಆದರೆ ನಡುವೆ ಗಾಡಿ ಓಡಾಡುವ ರಸ್ತೆ ಇರಬಾರದು. ಈಜು ಬಾರದ ಮಗು ಇದ್ದರೆ ನೀರಿನಂಚಿನ ಸೈಟನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲ ಸಲ ಆರ್‌ವಿ ಓಡಿಸುವವರು ಪುಲ್-ಥ್ರೂ ಸೈಟ್ ಹಿಡಿಯಿರಿ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡಬಹುದು, ರಿವರ್ಸ್ ತೆಗೆಯುವ ಕಷ್ಟ ಇಲ್ಲ.

ಹಂತ 5: ಫೋನ್ ಮಾಡಿ ಕೇಳಿ

ಒಂದು ಸೈಟಿಗೆ ಎಷ್ಟು ಜನ? ಅಜ್ಜ ಅಜ್ಜಿ ಸೇರಿದರೆ ಮಿತಿ ದಾಟಬಹುದು. ಜನರೇಟರ್ ಯಾವ ಹೊತ್ತಿನಲ್ಲಿ ಹಾಕಬಹುದು? ಬೆಂಕಿ ಹಾಕಲು ನಿಷೇಧ ಇದೆಯೇ? ಸೌದೆ ಅಲ್ಲೇ ಸಿಗುತ್ತದೆಯೇ? ಮನೆಯಿಂದ ಸೌದೆ ಒಯ್ಯಬೇಡಿ. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ, ಆ್ಯಶ್ ಮರಗಳನ್ನು ಕೊಲ್ಲುವ ಹುಳು ದೂರ ದೂರಕ್ಕೆ ಹಬ್ಬಿದ್ದರಲ್ಲಿ ಹೀಗೆ ಸಾಗಿಸಿದ ಸೌದೆಯ ಪಾಲು ದೊಡ್ಡದು.

ಹಿರಿಯರಿಗೆ 62 ತುಂಬಿದ್ದು, ಅವರು ಅಮೆರಿಕದ ನಾಗರಿಕರೋ ಗ್ರೀನ್ ಕಾರ್ಡ್ ಇರುವವರೋ ಆಗಿದ್ದರೆ ಸೀನಿಯರ್ ಪಾಸ್ ಮಾಡಿಸಿ. ಕೇಂದ್ರ ಸರ್ಕಾರದ ಹಲವು ಕ್ಯಾಂಪ್‌ಗ್ರೌಂಡುಗಳಲ್ಲಿ ಅದಕ್ಕೆ ಅರ್ಧ ಬಾಡಿಗೆ.

ಹಂತ 6: ಬೆಳಕಿರುವಾಗಲೇ ತಲುಪಿ

ಗಾಡಿ ನಿಲ್ಲಿಸಿದ ಕೂಡಲೇ ಸಾಮಾನು ಇಳಿಸಬೇಡಿ. ಮೊದಲು ಕರೆಂಟಿನ ಪೆಟ್ಟಿಗೆ ತೆರೆದು ನೋಡಿ. ಸಾಕೆಟ್ ಸುಟ್ಟಿದ್ದರೆ, ಸಡಿಲವಾಗಿದ್ದರೆ ಪ್ಲಗ್ ಹಾಕಬೇಡಿ. ನೀರಿನ ಪೈಪಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ, ಇಲ್ಲದಿದ್ದರೆ ಗಾಡಿಯೊಳಗಿನ ಕೀಲುಗಳು ಸೋರಬಹುದು. ನೆಲ ಓರೆಯಿದೆಯೇ, ತಲೆಯ ಮೇಲೆ ಒಣಗಿದ ಕೊಂಬೆ ಇದೆಯೇ ನೋಡಿ. ಏನಾದರೂ ಸರಿ ಇಲ್ಲದಿದ್ದರೆ ಆಗಲೇ ಆಫೀಸಿಗೆ ಹೋಗಿ ಬೇರೆ ಸೈಟ್ ಕೇಳಿ. ಸಂಜೆ ನಾಲ್ಕಕ್ಕೆ ಕೇಳಿದರೆ ಸಿಗುವ ಸಾಧ್ಯತೆ ಇದೆ, ರಾತ್ರಿ ಒಂಬತ್ತಕ್ಕೆ ಆಫೀಸೇ ಮುಚ್ಚಿರುತ್ತದೆ.