ಹತ್ತು ರೂಪಾಯಿಯ ಡೆಕ್ಸಾ, ಬೆಳಗಿನವರೆಗೆ ಬ್ಲಾಕ್

ಕೊರಳೆಲುಬಿನ ಮೇಲ್ಭಾಗದಲ್ಲಿ ನರಗಳ ಪಕ್ಕ ಮದ್ದು ಹಾಕಿ ಕೈ ಮರಗಟ್ಟಿಸೋ ಸುಪ್ರಾಕ್ಲಾವಿಕ್ಯುಲರ್ ಬ್ಲಾಕ್ ಕೊಡೋದು ದೊಡ್ಡ ಮಾತಲ್ಲ. ನಿಜವಾದ ಪರೀಕ್ಷೆ ರಾತ್ರಿ ಹತ್ತಕ್ಕೆ. ಮುಂಗೈಯ ಎರಡೂ ಮೂಳೆಗೆ ಪ್ಲೇಟ್ ಹಾಕಿಸಿಕೊಂಡವನು ಬ್ಲಾಕ್ ಇಳಿದು ನೋವಿಗೆ ಕೂಗೋಕೆ ಶುರು ಮಾಡೋದು ಆಗಲೇ. ಸಿಸ್ಟರ್ ಫೋನ್ ಮಾಡೋದು ಮೂಳೆ ಡಾಕ್ಟರಿಗಲ್ಲ, ಅರಿವಳಿಕೆ ಕೊಟ್ಟ ನನಗೆ. ನಮ್ಮ ಮಲೆನಾಡಲ್ಲಿ ಬೈಕಿನಿಂದ ಬಿದ್ದವರು, ಅಡಿಕೆ ಮರದಿಂದ ಬಿದ್ದವರು ವರ್ಷಪೂರ್ತಿ ಇರ್ತಾರೆ.

ಮರಗಟ್ಟಿಸೋ ಮದ್ದುಗಳಾದ ಬುಪಿವಕೇನ್, ಲಿಗ್ನೋಕೇನ್ ಅಡ್ರಿನಲಿನ್ ಮಾತ್ರ ಹಾಕಿದರೆ ನನಗೆ ಸಿಗ್ತಿದ್ದದ್ದು ಐದಾರು ಗಂಟೆ. ನೋವಿನ ಮದ್ದು ಟ್ರಮಡಾಲ್ ಬೆರೆಸಿದೆ. ಒಂದೆರಡು ಗಂಟೆ ಜಾಸ್ತಿ ಸಿಕ್ಕಿತು, ಜೊತೆಗೆ ವಾಂತಿ. ಇನ್ನೊಂದು ನೋವಿನ ಮದ್ದು ಬ್ಯೂಪ್ರೆನಾರ್ಫಿನ್ ಅವಧಿಯನ್ನು ಚೆನ್ನಾಗಿ ಎಳೆಯಿತು, ಆದರೆ ಅದರ ವಾಂತಿ ಇನ್ನೂ ಜೋರು. ನರದ ಪಕ್ಕ ಮದ್ದು ಹರಿಸೋಕೆ ಸಣ್ಣ ನಳಿಕೆ, ಅಂದರೆ ಕ್ಯಾತಿಟರ್, ಇಡಿ ಅಂತ ಕಾನ್ಫರೆನ್ಸ್‌ನಲ್ಲಿ ಹೇಳ್ತಾರೆ. ಸೆಟ್‌ನ ದುಡ್ಡು ಯಾರು ಕೊಡಬೇಕು? ರೋಗಿ ಮಗ್ಗಲು ಬದಲಿಸಿದರೆ ಹೊರಗೆ ಬಂದಿರುತ್ತೆ.

ಆಮೇಲೆ ಮಂಪರು ತರಿಸೋ ಡೆಕ್ಸ್‌ಮೆಡಿಟೊಮಿಡಿನ್, 50 ಮೈಕ್ರೋಗ್ರಾಂ. ಬ್ಲಾಕ್ ಬೇಗ ಕೂರುತ್ತೆ, ರೋಗಿ ಹಾಯಾಗಿ ನಿದ್ದೆ ಮಾಡ್ತಾನೆ. ಆದರೆ ನಾಡಿ ನಲವತ್ತರ ಆಸುಪಾಸಿಗೆ ಇಳಿದಾಗ ನಾಡಿ ಏರಿಸೋ ಅಟ್ರೋಪಿನ್ ಹಿಡಿದು ನಿಲ್ಲಬೇಕು. ಆಂಪೂಲ್‌ಗೆ ಇನ್ನೂರು ಮುನ್ನೂರು ರೂಪಾಯಿ ಬೇರೆ. ಮೊದಲೇ ಮೊತ್ತ ಗೊತ್ತುಮಾಡಿದ ಪ್ಯಾಕೇಜ್ ಕೇಸಿನಲ್ಲಿ ಆ ಬಿಲ್ ನೋಡಿ ಒಬ್ಬ ನರ್ಸಿಂಗ್ ಹೋಮ್ ಮಾಲೀಕರು ಮುಖ ಗಂಟು ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೊನೆಗೆ ಉಳಿದದ್ದು ಡೆಕ್ಸಾ, ಅಂದರೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್. ವಯಲ್‌ಗೆ ಹೆಚ್ಚೂಕಮ್ಮಿ ಹತ್ತು ರೂಪಾಯಿ. ನರದ ಪಕ್ಕ ಹಾಕೋದು ಲೇಬಲ್‌ನಲ್ಲಿ ಇಲ್ಲ, ಅದು ಎಲ್ಲರಿಗೂ ಗೊತ್ತು. 'ಸ್ಟೀರಾಯ್ಡ್ ಹಾಕಿ ನರ ಕೆಡಿಸ್ತೀರಾ?' ಅಂತ ಕೇಳಿದವರು ಕಡಿಮೆಯೇನಲ್ಲ. ಪ್ರಿಸರ್ವೇಟಿವ್ ಇಲ್ಲದ ವಯಲ್ ಹುಡುಕೋದೇ ಒಂದು ಕೆಲಸ. ಸಿಗದ ದಿನ ಐವಿ, ಅಂದರೆ ರಕ್ತನಾಳಕ್ಕೆ, ಕೊಡ್ತೇನೆ. ಐವಿಯಲ್ಲೂ ಅವಧಿ ಎಳೆಯುತ್ತೆ, ಕೆಲವು ಗಂಟೆ ಕಡಿಮೆ ಅಷ್ಟೆ. ಈಗ ನನ್ನ ಲೆಕ್ಕ: 0.5% ಬುಪಿವಕೇನ್ 15 ಎಂಎಲ್, ಲಿಗ್ನೋಕೇನ್ ಅಡ್ರಿನಲಿನ್ ಎಂಟು ಹತ್ತು ಎಂಎಲ್, ಡೆಕ್ಸಾ 4 ಮಿಗ್ರಾಂ. ಮಧ್ಯಾಹ್ನ ಕೊಟ್ಟರೆ ಹನ್ನೆರಡು ಹದಿನಾಲ್ಕು ಗಂಟೆ, ಕೆಲವರಿಗೆ ಬೆಳಗಿನ ಕಾಫಿಯವರೆಗೆ. 8 ಮಿಗ್ರಾಂ ಹಾಕಿಯೂ ನೋಡಿದೆ, ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಬುಪಿವಕೇನ್‌ನಂಥದೇ ಇನ್ನೊಂದು ಮದ್ದು ರೋಪಿವಕೇನ್ ಜೊತೆ ಮಾತ್ರ ಡೆಕ್ಸಾ ಬೆರೆಸಬೇಡಿ, ಹರಳುಗಟ್ಟುತ್ತೆ. ಬೇಗ ಕೂರಲಿ ಅಂತ ಸೋಡಾ ಬೈಕಾರ್ಬ್ ಆಟವನ್ನೂ ಆಡಿದ್ದೇನೆ. ಲಿಗ್ನೋಕೇನ್‌ಗೆ ಪರವಾಗಿಲ್ಲ. ಬುಪಿವಕೇನ್‌ಗೆ ಒಂದು ಹನಿ ಜಾಸ್ತಿಯಾದರೂ ಸಿರಿಂಜ್ ಒಳಗೆ ಮೋಡ! ಮಂಪರಿನ ಮದ್ದು ಮಿಡಜೋಲಮ್ ಅನ್ನು ನರದ ಹತ್ತಿರಕ್ಕೂ ತರಲ್ಲ.

ಕಿರುಬೆರಳ ಕಡೆಯ ಅಲ್ನಾರ್ ನರದ ಭಾಗ ಮರಗಟ್ಟದೆ ಬಿಟ್ಟುಹೋಗದಂತೆ ಸೂಜಿ ಹೇಗೆ ತಿರುಗಿಸ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಓಟಿಗೆ ಬನ್ನಿ, ತೋರಿಸ್ತೇನೆ.

ಎಲ್ಲ ಕೇಸಿಗೂ ಇದು ಸಲ್ಲದು. ತೋಳಿನ ಮೂಳೆಗೆ ಪ್ಲೇಟ್ ಹಾಕಿದರೆ ಸರ್ಜನ್ ಸಂಜೆಯೇ ಮಣಿಕಟ್ಟು ಎತ್ತಿಸಿ ರೇಡಿಯಲ್ ನರ ನೋಡಬೇಕು. ಜಜ್ಜಿದ ಮುಂಗೈಯಲ್ಲಿ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ನ, ಅಂದರೆ ಸ್ನಾಯುವಿನ ಒಳಗೆ ಒತ್ತಡ ಏರಿ ರಕ್ತ ಹರಿಯದಂತಾಗೋದರ, ನೋವು ಮುಚ್ಚಿಹೋಗಬಾರದು. ಅಲ್ಲೆಲ್ಲ ಡೆಕ್ಸಾ ಇಲ್ಲ. ಉಳಿದವರಿಗೆ ಮಲಗೋ ಮುಂಚೆಯೇ ಪ್ಯಾರಾಸಿಟಮಾಲ್ ಕೊಡಿಸಿರ್ತೇನೆ, ಬ್ಲಾಕ್ ಇಳಿಯೋವಾಗ ಒಮ್ಮೆಲೇ ನೋವು ಬಾರದಿರಲಿ ಅಂತ. ಕೈ ಬೆಳಗಿನವರೆಗೂ ಏಳಲ್ಲ ಅಂತ ಮನೆಯವರಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ 'ಲಕ್ವಾ ಹೊಡೀತಾ ಡಾಕ್ಟ್ರೇ?' ಅಂತ ನಡುರಾತ್ರಿ ಫೋನ್ ಬರುತ್ತೆ.

ಸ್ಟೀರಾಯ್ಡ್‌ನಿಂದ ಸಕ್ಕರೆ ಏರುತ್ತಲ್ಲ, ಅದಕ್ಕೆ ಈಗ ಸಕ್ಕರೆ ಕಾಯಿಲೆಯವರಿಗೆ 2 ಮಿಗ್ರಾಂ ಡೆಕ್ಸಾ ಹಾಕಿ ನೋಡ್ತಿದ್ದೇನೆ. ಹತ್ತು ಗಂಟೆ ಸಿಕ್ಕರೂ ನನಗೆ ಸಾಕು.