ಘಟ್ಟದಲ್ಲಿ ಎಳೆಯದ ಓಮ್ನಿ: ಪಾರ್ಟ್ ಬದಲಿಸುವ ಮೊದಲು ಇಷ್ಟು ನೋಡಿ

ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಹತ್ತುವಾಗ ಹಳೆಯ ಮಾರುತಿ ಓಮ್ನಿ ಇದ್ದಕ್ಕಿದ್ದಂತೆ ಎಳೆಯುವುದನ್ನು ಬಿಡುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ಹೊರಟರೆ ಏನೂ ಆಗದ ಹಾಗೆ ಓಡುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಎಂಜಿನ್ ಒಂದು ಸಲವೂ ತಡವರಿಸುವುದಿಲ್ಲ. ಆಗ ಜನ ಪ್ಲಗ್, ಕಾಯಿಲ್ (ಕಿಡಿಗೆ ಬೇಕಾದ ಜೋರು ಕರೆಂಟ್ ಕೊಡುವುದು), ಪೆಟ್ರೋಲ್ ಪಂಪ್ ಅಂತ ಒಂದಾದ ಮೇಲೊಂದು ಬದಲಿಸುತ್ತಾ ಹೋಗುತ್ತಾರೆ. ಕುಮಟಾ, ಕಾರವಾರ ಕಡೆ ಇದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇದು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿಗೆ ಮಾತ್ರ.

ಮೊದಲು ಸುಲಭದ್ದು. ಎಂಜಿನ್ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಒಂದೇ ಚಕ್ರ ಜಾಸ್ತಿ ಬಿಸಿಯಾಗಿದ್ದರೆ ಬ್ರೇಕ್ ಹಿಡಿದಿರಬಹುದು. ಏರ್ ಫಿಲ್ಟರ್ ಕೊಳೆಯಾಗಿದ್ದರೆ ಬದಲಿಸಿ.

ಇನ್ನು ಅಸಲಿ ಕೆಲಸ. ಪೆಟ್ರೋಲ್ ಸಾಲುತ್ತಿಲ್ಲವೋ, ಪ್ಲಗ್ಗಿನ ಕಿಡಿ ತಪ್ಪುತ್ತಿದೆಯೋ? ತೊಂದರೆ ಇರುವ ಹೊತ್ತಿನಲ್ಲೇ ಇದನ್ನು ಹಿಡಿಯಬೇಕು, ಆಮೇಲೆ ಏನೂ ಗೊತ್ತಾಗುವುದಿಲ್ಲ. ಪೆಟ್ರೋಲ್ ಕಡಿಮೆಯಾದರೆ ಶಕ್ತಿ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ. ಕಿಡಿ ತಪ್ಪಿದರೆ ಫಟ್ ಅಂತ ಜರ್ಕ್ ಹೊಡೆಯುತ್ತದೆ. ಗಾಡಿ ಸೊರಗುತ್ತಿರುವಾಗಲೇ ಚೋಕನ್ನು (ಗಾಳಿ ತಗ್ಗಿಸಿ ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಸ್ವಲ್ಪ, ಅರ್ಧಕ್ಕಿಂತ ಕಡಿಮೆ, ಎಳೆದು ನೋಡಿ. ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಗಾಳಿ ಒಳಗೆ ಸೇರುತ್ತಿದೆ. ಇನ್ನೂ ಹದಗೆಟ್ಟರೆ ಕಿಡಿಯ ಕಡೆ ನೋಡಿ. ಪಕ್ಕಕ್ಕೆ ನಿಲ್ಲಿಸಿದ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸರಿಯಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಇಷ್ಟಕ್ಕೇ ಹೊಸ ಪಂಪ್ ಹಾಕಿಸಿದವರಿದ್ದಾರೆ! ಹಾಗಲ್ಲವಾದರೆ ಪೆಟ್ರೋಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನಿಂದ ಪಂಪ್ ತನಕ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ಎಂಜಿನ್ ಬಿಸಿ ಇರುವಾಗ ಪೈಪ್ ಬಿಚ್ಚಬೇಡಿ, ಬೆಂಕಿ ಹತ್ತಬಹುದು. ‘ಪಿಕಪ್ ಏರಿಸುವ’ ಬಾಟಲಿಗಳನ್ನು ಸುಮ್ನೆ ಸುರಿಯಬೇಡಿ, ಕಟ್ಟಿದ ಫಿಲ್ಟರ್ ಅದರಿಂದ ಬಿಡುವುದಿಲ್ಲ.

ಕಿಡಿಯದ್ದಾದರೆ ರಾತ್ರಿ ಕತ್ತಲಲ್ಲಿ ಮುಂದಿನ ಸೀಟು ಎತ್ತಿ (ಓಮ್ನಿಯ ಎಂಜಿನ್ ಅದರ ಕೆಳಗೇ ಇದೆ) ಎಂಜಿನ್ ಚಾಲೂ ಮಾಡಿ. ಪ್ಲಗ್ ವೈರುಗಳ ಮೇಲೆ ನೀಲಿ ಕಿಡಿ ಹಾರುತ್ತಿದೆಯಾ? ಕೈ ತಾಗಿಸಬೇಡಿ. ಅಂಥ ವೈರಿಗೆ ಟೇಪ್ ಸುತ್ತುವುದು ಬೇಡ, ಇಡೀ ಸೆಟ್ ಬದಲಿಸಿ. ಎಂಜಿನ್ ಬಂದ್ ಮಾಡಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್ ತೆಗೆದು ಒಳಗೆ ತೇವ, ಕೂದಲೆಳೆಯಂಥ ಕಪ್ಪು ಗೆರೆ ಹುಡುಕಿ. ನಮ್ಮ ಮಳೆಗಾಲದಲ್ಲಿ ಕಿಡಿ ತಪ್ಪಲು ತೇವ ಒಂದೇ ಸಾಕು. ಗೆರೆ ಇದ್ದರೆ ಕ್ಯಾಪ್ ಹೋಯಿತು ಅಂತಲೇ ಲೆಕ್ಕ. ಬಿಸಿಯಾದಾಗ ಮಾತ್ರ ಕೈಕೊಟ್ಟು, ತಣ್ಣಗಾದ ಮೇಲೆ ಸರಿಯಾದರೆ ಕಾಯಿಲ್ ಮೇಲೂ ಅನುಮಾನ ಇರಲಿ. ಚೆನ್ನಾಗಿರುವ ಇನ್ನೊಂದನ್ನು ಹಾಕಿ ಓಡಿಸಿ ನೋಡಿ.

ಕರಾವಳಿಯ ಗಾಡಿಗಳಲ್ಲಿ ಅರ್ಥಿಂಗ್ ವೈರನ್ನು (ಬ್ಯಾಟರಿಯ ನೆಗೆಟಿವ್ ಅನ್ನು ಗಾಡಿಯ ಬಾಡಿ, ಎಂಜಿನ್ ಜೊತೆ ಜೋಡಿಸುವ ವೈರು) ನೋಡದೆ ಬಿಟ್ಟುಬಿಡುವುದು ನನಗೆ ಅರ್ಥವೇ ಆಗುವುದಿಲ್ಲ. ಉಪ್ಪಿನ ಗಾಳಿಗೆ ತುದಿಗಳು ಹಸಿರಾಗುತ್ತವೆ, ಕರೆಂಟ್ ಒಮ್ಮೆ ಹೋಗುತ್ತದೆ, ಒಮ್ಮೆ ಇಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ. ಎಂಜಿನ್‌ಗೆ, ಗಾಡಿಯ ಬಾಡಿಯ ತಗಡಿಗೆ ಹೋಗುವ ತುದಿಗಳನ್ನೂ ಬಿಚ್ಚಿ, ಮರಳು ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ಲೋಡಿನಲ್ಲಿ ಅದೇ ಏರಿಗೆ ಓಡಿಸಿ, ಬಂದದ್ದನ್ನು ಚೀಟಿಯಲ್ಲಿ ಬರೆದಿಡಿ: ಬಿಸಿಲೋ ಮಳೆಯೋ, ಎಷ್ಟು ಪೆಟ್ರೋಲ್ ಇತ್ತು, ಯಾವ ಗೇರ್. ಆ ಚೀಟಿಯನ್ನು ಮೆಕ್ಯಾನಿಕ್ ಕೈಗೆ ಕೊಡಿ.